ದಂಗ್‌ದುತ್ ಕೇಳಲು ಹೊರಟವರಿಗೆ: ಮೊದಲು ರೋಮಾ ಇರಾಮಾ ಅವರೋ, ಕೊಪ್ಲೊವೋ?

ಇಂಡೋನೇಷ್ಯಾದ ಜನಪ್ರಿಯ ಸಂಗೀತ ಪ್ರಕಾರವಾದ ದಂಗ್‌ದುತ್‌ಗೆ ಯಾವ ಬಾಗಿಲಿನಿಂದ ಹೋಗಬೇಕು? ಹಳೆಯ ಹಿಂದಿ ಚಿತ್ರಗೀತೆಗಳ ಜೊತೆ ಬೆಳೆದವರಾದರೆ ಗಾಯಕ ರೋಮಾ ಇರಾಮಾ ಅವರಿಂದಲೇ ಆರಂಭಿಸಿ. ತಬಲಾವನ್ನು ಹೋಲುವ ಗೆಂದಂಗ್ ವಾದ್ಯದ 'ದಂಗ್', 'ದುತ್' ಪೆಟ್ಟುಗಳಿಂದಲೇ ದಂಗ್‌ದುತ್ ಎಂಬ ಹೆಸರು ಬಂದಿದೆ. ಕೊಳಲು ಮೇಲೇರಿದಾಗ ಎಲ್ಲೋ ಕೇಳಿದ್ದೇನಲ್ಲ ಅನ್ನಿಸದೆ ಇರದು. ಹಿಂದಿ ಚಿತ್ರಸಂಗೀತದ ಪ್ರಭಾವ ಅಷ್ಟು ಆಳವಾಗಿದೆ. 1970ರ ದಶಕದಲ್ಲಿ ರೋಮಾ ತಮ್ಮ ಸೊನೆಟಾ ತಂಡದೊಂದಿಗೆ ಇದಕ್ಕೆ ರಾಕ್ ಗಿಟಾರಿನ ಅಬ್ಬರವನ್ನೂ ಇಸ್ಲಾಮಿನ ನೀತಿಬೋಧೆಯನ್ನೂ ಬೆರೆಸಿದರು.

ಪೂರ್ವ ಜಾವಾದಲ್ಲಿ ಬೆಳೆದ, ದಂಗ್‌ದುತ್‌ನದೇ ಕವಲಾದ ಕೊಪ್ಲೊದಲ್ಲಿ ಚರ್ಮವಾದ್ಯದ್ದೇ ಆಳ್ವಿಕೆ. ವೇಗ ಹೆಚ್ಚು, ಕುಣಿತ ಹೆಚ್ಚು. 2003ರಲ್ಲಿ ಗಾಯಕಿ ಇನುಲ್ ದಾರತಿಸ್ತಾ ಅವರ ಸೊಂಟದ ಕುಣಿತವನ್ನು ರೋಮಾ ಖಂಡಿಸಿದಾಗ ದೇಶದಾದ್ಯಂತ ಚರ್ಚೆ ಎದ್ದಿತು. ನನ್ನ ಮನಸ್ಸು ಇನುಲ್ ಅವರ ಕಡೆಗೇ ಇದೆ. ಆ ಕುಣಿತದಲ್ಲಿ ಹಳ್ಳಿಯ ವೇದಿಕೆಯ ಕಸುವಿದೆ. 2018ರ ಏಷ್ಯನ್ ಕ್ರೀಡಾಕೂಟದ ಗೀತೆಯನ್ನು ಹಾಡಿದ ವಿಯಾ ವಾಲೆನ್ ಕೂಡ ಕೊಪ್ಲೊ ವೇದಿಕೆಗಳಿಂದ ಬಂದವರೇ. ಕಾಲು ತಾನಾಗಿ ತಾಳ ಹಾಕಬೇಕೆಂದಿದ್ದರೆ ಅವರಿಂದ ಶುರುಮಾಡಿ.

ವಿರಹವೇ ಬೇಕೆನ್ನುವವರು ಎರಡನ್ನೂ ಬದಿಗಿಟ್ಟು, 2020ರಲ್ಲಿ ತೀರಿಕೊಂಡ ದಿದಿ ಕೆಂಪೊಟ್ ಅವರ ಜಾವಾ ಭಾಷೆಯ ಹಾಡುಗಳನ್ನು ಕೇಳಲಿ. ಆ ಭಾಷೆ ತಿಳಿಯದ ನನಗೂ ಗಂಟಲು ಕಟ್ಟುತ್ತದೆ.