‘24 ಗಂಟೆ ನರ್ಸ್ ಇರ್ತಾರೆ’ ಅಂದ ಕೂಡಲೇ ನಂಬಬೇಡಿ

ಮರೆವಿನ ಕಾಯಿಲೆ (ಡಿಮೆನ್ಷಿಯಾ) ಇರುವ ಹಿರಿಯರಿಗೆ ಬೆಂಗಳೂರಿನಲ್ಲಿ ಕೇರ್ ಹೋಮ್ ಹುಡುಕುತ್ತಿದ್ದೀರಾ? ಅಡ್ವಾನ್ಸ್ ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ.

ನಮ್ಮಪ್ಪನಿಗೆ ಆಲ್ಝೈಮರ್ಸ್. ರಾತ್ರಿ ಚಿಲಕ ತೆಗೆದು ರಸ್ತೆಗೆ ಹೊರಟುಬಿಡುತ್ತಿದ್ದರು. ಅಮ್ಮನಿಗೂ ವಯಸ್ಸಾಗಿದೆ, ಎಷ್ಟು ಅಂತ ಹಿಂದೆ ಓಡ್ತಾರೆ? ಊರಾಚೆಯ ಒಂದು ಖಾಸಗಿ ಹೋಮ್‌ಗೆ ಸೇರಿಸಿದೆವು. ಹೆಸರು ಹಾಕುವುದಿಲ್ಲ, ದೂರು ಇನ್ನೂ ವಿಚಾರಣೆಯಲ್ಲಿದೆ. ಜಾಗ ನೋಡೋಕೆ ಚೆನ್ನಾಗಿತ್ತು. ಕೈತೋಟ, ದೊಡ್ಡ ಟಿವಿ, ಎಲ್ಲ ಕಡೆ ಫಿನಾಯಿಲ್ ವಾಸನೆ.

ಸ್ವಲ್ಪ ದಿನಕ್ಕೇ ಅಪ್ಪ ಮೆತ್ತಗಾದರು. ಯಾವಾಗ ಹೋದರೂ ಕುರ್ಚಿಯಲ್ಲಿ ತೂಕಡಿಕೆ, ಬಾಯಂಚಲ್ಲಿ ಜೊಲ್ಲು. "ತಾತ ಸೆಟ್ ಆಗ್ಬಿಟ್ರು ಸಾರ್, ಈಗ ಗಲಾಟೇನೇ ಇಲ್ಲ" ಅಂತ ಅಟೆಂಡರ್ ಹುಡುಗ ಖುಷಿಯಿಂದ ಹೇಳಿದ. ಕಾಯಿಲೆ ಮುಂದುವರಿದಿದೆ ಅಂದರು ಮ್ಯಾನೇಜರ್. ಆದರೆ ಆಲ್ಝೈಮರ್ಸ್ ನಿಧಾನಕ್ಕೆ ಇಳಿಸುವ ಕಾಯಿಲೆ. ಮನುಷ್ಯ ದಿಢೀರ್ ಅಂತ ಬದಲಾದರೆ ಮೂತ್ರದ ಸೋಂಕೋ, ನೀರು ಸಾಲದೆ ಹೋದದ್ದೋ, ಹೊಸ ಮಾತ್ರೆಯೋ ಇದೆಯಾ ಅಂತ ಮೊದಲು ನೋಡಬೇಕು.

ಒಂದು ಸಂಜೆ ಐದರ ಸುಮಾರಿಗೆ ಮಾತ್ರೆಯ ಚಾರ್ಟ್ ಕೇಳಿದೆ. ರಾತ್ರಿ ಒಂಬತ್ತರ ಕಾಲಂನಲ್ಲಿ ಆಗಲೇ ಸಹಿ ಬಿದ್ದಿತ್ತು! ಅದೇ ಕೈಬರಹದಲ್ಲಿ ಮರುದಿನ ಬೆಳಗ್ಗಿನ ಬಿಪಿ, 130/80. ಕೆಳಗಡೆ ಪೆನ್ನಿನಲ್ಲಿ ಸೇರಿಸಿದ್ದು: ಕ್ವೆಟಿಯಾಪಿನ್, ಎರಡು ಹೊತ್ತು. ನಮ್ಮ ನ್ಯೂರಾಲಜಿಸ್ಟ್ ಬರೆದ ಚೀಟಿಯಲ್ಲಿ ಅದು ಇರಲೇ ಇಲ್ಲ. "ವಿಸಿಟಿಂಗ್ ಡಾಕ್ಟರ್ ಫೋನಲ್ಲಿ ಹೇಳಿದ್ರು" ಅಂದರು ಸಿಸ್ಟರ್. ಆ ಡಾಕ್ಟರ್ ಅಪ್ಪನನ್ನು ಬಂದು ನೋಡಿದ್ದಕ್ಕೆ ಫೈಲಿನಲ್ಲಿ ಒಂದು ಸಾಲೂ ಇಲ್ಲ.

ಕ್ವೆಟಿಯಾಪಿನ್ ಮನೋರೋಗಕ್ಕೆ ಕೊಡುವ ಔಷಧ. ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಈ ಗುಂಪಿನ ಔಷಧಗಳು ಸಾವಿನ ಅಪಾಯ ಹೆಚ್ಚಿಸುತ್ತವೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿದೆ. ಕೊಡಲೇಬಾರದು ಅಂತಲ್ಲ. ರೋಗಿ ತನಗೋ ಬೇರೆಯವರಿಗೋ ಅಪಾಯ ಮಾಡಿಕೊಳ್ಳುವಂತಿದ್ದರೆ ಡಾಕ್ಟರ್ ನೋಡಿ, ಮನೆಯವರಿಗೆ ಹೇಳಿ, ಸಣ್ಣ ಡೋಸ್‌ನಲ್ಲಿ ಶುರುಮಾಡಿ, ಆಗಾಗ ನಿಲ್ಲಿಸಬಹುದಾ ಅಂತ ನೋಡುತ್ತಾರೆ. ಇಲ್ಲಿ ಕೊಟ್ಟಿದ್ದು ಕಾವಲಿಗೆ ಜನ ಇಲ್ಲ ಅಂತ. ರಾತ್ರಿ ಎರಡು ಮಹಡಿಗೆ ಒಬ್ಬನೇ ಅಟೆಂಡರ್. ನರ್ಸಿಂಗ್ ಓದಿದ್ದ ಸಿಸ್ಟರ್ ಆರು ಗಂಟೆಗೆ ಬಸ್ ಹಿಡಿಯುತ್ತಿದ್ದರು. ಆಮೇಲೆ ಯೂನಿಫಾರ್ಮ್ ಹಾಕಿದವರೆಲ್ಲ ನರ್ಸೇ!

ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡೈಪರ್ ಬಿಚ್ಚಿದಾಗ ಸೊಂಟದ ಕೆಳಗೆ, ಬಾಲದ ಮೂಳೆಯ ಹತ್ತಿರ, ನಿಂಬೆಹಣ್ಣಿನಷ್ಟು ಹುಣ್ಣು. ಹಿಮ್ಮಡಿ ಕಪ್ಪಗಾಗಿತ್ತು. ಮೂತ್ರದ ಸೋಂಕು ಬೇರೆ. ಒಂದೇ ಕಡೆ ಒತ್ತಿ ಹುಣ್ಣಾಗದಂತೆ ಏಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಅದಕ್ಕೆ ಕೈ ಬೇಕು. ಕೈಯೇ ಇಲ್ಲದ ಕಡೆ ಏನು ಹೇಳಿ ಏನು ಬಂತು?

ನೀವು ಹೋಮ್ ನೋಡೋಕೆ ಹೋದರೆ ಹಗಲು ಟೂರ್ ಸಾಲದು, ರಾತ್ರಿ ಒಂಬತ್ತರ ಮೇಲೂ ಒಮ್ಮೆ ಹೋಗಿ. ಒಳಗೆ ಬಿಡಲ್ಲ ಅಂದರೆ ಅದೇ ಉತ್ತರ. ರಾತ್ರಿ ಪಾಳಿಯಲ್ಲಿ ನರ್ಸ್ ಎಷ್ಟು, ಅಟೆಂಡರ್ ಎಷ್ಟು ಅಂತ ಬೇರೆ ಬೇರೆಯಾಗಿ ಕೇಳಿ, ನರ್ಸಿಂಗ್ ಕೌನ್ಸಿಲ್ ನೋಂದಣಿ ತೋರಿಸಲು ಹೇಳಿ. ಚಿಕಿತ್ಸೆ ಕೊಡುತ್ತೇವೆ ಅನ್ನುವವರ ಹತ್ತಿರ ಕೆಪಿಎಂಇ (ರಾಜ್ಯದ ಖಾಸಗಿ ಆಸ್ಪತ್ರೆ-ಕ್ಲಿನಿಕ್‌ಗಳ ಕಾಯ್ದೆ) ನೋಂದಣಿ ಇದೆಯಾ, ಬರೀ ವೃದ್ಧಾಶ್ರಮದ ಕಾಗದವಾ ನೋಡಿ. ನಮ್ಮನ್ನು ಕೇಳದೆ ಹೊಸ ಮಾತ್ರೆ ಶುರುಮಾಡುವಂತಿಲ್ಲ ಅಂತ ಕರಾರಿನಲ್ಲೇ ಬರೆಸಿ. ಹೋದಾಗಲೆಲ್ಲ ಬೆನ್ನು, ಹಿಮ್ಮಡಿ ನೋಡಿ, ಸಂಕೋಚ ಬೇಡ. ಏನಾದರೂ ಅನುಮಾನ ಬಂದರೆ ಹಿರಿಯರ ಸಹಾಯವಾಣಿ 14567 ಇದೆ.

ಆ ಮಾತ್ರೆಯನ್ನು ಆಸ್ಪತ್ರೆಯವರು ನಿಧಾನವಾಗಿ ನಿಲ್ಲಿಸಿದ ಮೇಲೆ ಅಪ್ಪ ಕಣ್ಣು ಬಿಟ್ಟು ಕಾಫಿ ಕೇಳಿದರು. ಈಗ ಮನೆಯಲ್ಲಿದ್ದಾರೆ, ರಾತ್ರಿಗೆ ಒಬ್ಬರನ್ನು ಇಟ್ಟುಕೊಂಡಿದ್ದೇವೆ. ಹುಣ್ಣಿನ್ನೂ ಪೂರ್ತಿ ಮಾಗಿಲ್ಲ. ಅಡ್ವಾನ್ಸ್ ವಾಪಸ್ ಬಂದಿಲ್ಲ, ನೋಟಿಸ್ ಕೊಡದೆ ಕರೆದುಕೊಂಡು ಹೋದಿರಿ ಅಂತ ಹಿಡಿದಿಟ್ಟುಕೊಂಡಿದ್ದಾರೆ. ಆಸ್ಪತ್ರೆಯಲ್ಲಿದ್ದ ದಿನಗಳ ಊಟದ ದುಡ್ಡೂ ಬಿಲ್ಲಿನಲ್ಲಿದೆ.