ಕನ್ನಡ ನಾಮಫಲಕ ಕೆತ್ತಲು ಯಾವ ಟೂಲ್‌ಪಾತ್ ಸಾಫ್ಟ್‌ವೇರ್? ನನ್ನ ಮತ ಫ್ರೀಕ್ಯಾಡ್‌ಗೆ

ಸಣ್ಣ ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಯಂತ್ರ) ಕೊಳ್ಳುವವರು ವಿಚಾರಿಸುವುದೆಲ್ಲ ಯಂತ್ರದ ಬಗ್ಗೆ. ಮನೆಗೆ ತಂದ ಮೇಲೆ ತಲೆ ತಿನ್ನುವುದು ಟೂಲ್‌ಪಾತ್ ಸಾಫ್ಟ್‌ವೇರ್, ಅಂದರೆ ಕೊರೆಯುವ ಬಿಟ್ ಎಲ್ಲಿಂದ ಎಲ್ಲಿಗೆ, ಎಷ್ಟು ಆಳದಲ್ಲಿ ಓಡಬೇಕೆಂದು ಲೆಕ್ಕ ಹಾಕುವ ತಂತ್ರಾಂಶ. ನನ್ನ ಆಯ್ಕೆ ಮೊದಲೇ ಹೇಳಿಬಿಡುತ್ತೇನೆ: ಅಕ್ಷರ ಜೋಡಿಸಲು ಇಂಕ್‌ಸ್ಕೇಪ್, ಟೂಲ್‌ಪಾತ್‌ಗೆ ಫ್ರೀಕ್ಯಾಡ್. ಎರಡಕ್ಕೂ ದುಡ್ಡಿಲ್ಲ, ಎರಡಕ್ಕೂ ಇಂಟರ್ನೆಟ್ ಬೇಡ, ಎರಡೂ ನನ್ನ ಹಳೆಯ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಓಡುತ್ತವೆ.

ನನ್ನ ಕೆಲಸ ಏನೆಂದು ಹೇಳದೆ ಈ ಹೋಲಿಕೆಗೆ ಅರ್ಥವಿಲ್ಲ. ಪುಣೆಯ ಚಿಂಚವಡದಲ್ಲಿ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ 3018 ಎಂಬ ಮಾದರಿಯ ಒಂದು ಸಣ್ಣ ರೂಟರ್ ಇದೆ. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್‌ನಿಂದ ಹಲಗೆ ತಂದು ನಾಮಫಲಕ ಕೆತ್ತುತ್ತೇನೆ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮಂಥವರಿಗೆ ಬಾಗಿಲ ಮೇಲೆ ಎರಡು ಲಿಪಿ ಬೇಕು: ಮೇಲೆ ಕನ್ನಡ, ಕೆಳಗೆ ದೇವನಾಗರಿ. ಯಂತ್ರ ಮಾರಿದ ಅಂಗಡಿಯವರು ಜೊತೆಗೊಂದು ಪೆನ್‌ಡ್ರೈವ್ ಕೊಟ್ಟು "ಸಾಫ್ಟ್‌ವೇರ್ ಫ್ರೀ" ಅಂದಿದ್ದರು. ಅದರಲ್ಲಿದ್ದದ್ದು ದುಬಾರಿ ಸಾಫ್ಟ್‌ವೇರೊಂದರ ಕ್ರ್ಯಾಕ್ ಪ್ರತಿ; ಮಗಳ ವಿಂಡೋಸ್ ಲ್ಯಾಪ್‌ಟಾಪ್‌ಗೆ ಹಾಕಹೋದರೆ ಆಂಟಿವೈರಸ್ ತೆರೆಯಲೇ ಬಿಡಲಿಲ್ಲ. ಹಾಗಾಗಿ ನ್ಯಾಯವಾಗಿ ಸಿಗುವವುಗಳನ್ನೇ ಒಂದೊಂದಾಗಿ ಹಾಕಿ ನೋಡಿದೆ.

ಈಸಲ್ ಬ್ರೌಸರ್‌ನಲ್ಲೇ ತೆರೆಯುತ್ತದೆ, ಮೊದಲ ದಿನವೇ ಚೌಕ ಕತ್ತರಿಸಬಹುದು. ಆದರೆ ವಿ-ಬಿಟ್ (ತುದಿ ಚೂಪಾದ, ವಿ ಆಕಾರದ ಬಿಟ್) ಕೆತ್ತನೆಗೆ ಹಣ ಕಟ್ಟುವ ಪ್ರೋ ಬೇಕು. ಕಿರಿಮೋಟೋ ಕೂಡ ಬ್ರೌಸರ್‌ನದೇ, ಮುಕ್ತ ತಂತ್ರಾಂಶ. ಸರಳ ಪಾಕೆಟ್ (ಗುಳಿ ಕೊರೆಯುವ), ಔಟ್‌ಲೈನ್ (ಅಂಚು ಕತ್ತರಿಸುವ) ಕೆಲಸಕ್ಕೆ ಚೆನ್ನಾಗಿದೆ.

ಫ್ಯೂಷನ್ ಶಕ್ತಿಶಾಲಿ, ಅನುಮಾನವೇ ಇಲ್ಲ. ಅಲ್ಯೂಮಿನಿಯಂ ಭಾಗ, ಮೂರು ಆಯಾಮದ ಮೇಲ್ಮೈ ಕೊರೆಯುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅದನ್ನೇ ಕಲಿಯಲಿ. ನನಗೆ ಒಗ್ಗದಿರುವುದು ಅದರ ಉಚಿತ ಪರವಾನಗಿ. 2020ರ ಅಕ್ಟೋಬರ್‌ನಿಂದ ಆ ಪರವಾನಗಿಯಲ್ಲಿ ರ‍್ಯಾಪಿಡ್ ಚಲನೆ ಇಲ್ಲ. ಬಿಟ್ ಗಾಳಿಯಲ್ಲಿ ಒಂದು ಅಕ್ಷರದಿಂದ ಇನ್ನೊಂದಕ್ಕೆ ಹೋಗುವಾಗಲೂ ಮರ ಕೊರೆಯುವ ವೇಗದಲ್ಲೇ ತೆವಳುತ್ತದೆ. ದೊಡ್ಡ ಪಾಕೆಟ್ ಒಂದನ್ನು ಕೊರೆಯುವವರಿಗೆ ಇದು ಗೊತ್ತೇ ಆಗದು. ಅಕ್ಷರಕ್ಕೊಮ್ಮೆ, ಒತ್ತಿಗೊಮ್ಮೆ ಬಿಟ್ ಎತ್ತುವ ಫಲಕದ ಕೆಲಸದಲ್ಲಿ ಸಂಜೆಯೇ ಕಳೆದುಹೋಗುತ್ತದೆ. ಸಾಲದ್ದಕ್ಕೆ ಏಕಕಾಲಕ್ಕೆ ತಿದ್ದಬಹುದಾದ ಫೈಲುಗಳು ಹತ್ತೇ, ವರ್ಷದ ಆದಾಯ 1000 ಡಾಲರ್ ಮೀರುವಂತಿಲ್ಲ.

ಇನ್ನು ವಿ-ಕಾರ್ವ್ ಡೆಸ್ಕ್‌ಟಾಪ್. ಫಲಕ ಕೆತ್ತನೆಗೆಂದೇ ಹುಟ್ಟಿದ್ದು, ಪ್ರಿವ್ಯೂ ನೋಡಿದರೆ ಕಣ್ಣು ತುಂಬುತ್ತದೆ. 25 ಅಂಗುಲ ಉದ್ದಗಲದ ಮಿತಿ 3018ಕ್ಕೆ ಲೆಕ್ಕವೇ ಅಲ್ಲ. ಒಮ್ಮೆ ಕೊಂಡರೆ ಮುಗಿಯಿತು, ತಿಂಗಳ ಬಾಡಿಗೆ ಇಲ್ಲ. ಆದರೆ ಬೆಲೆ ಮುನ್ನೂರು ಡಾಲರ್‌ಗೂ ಹೆಚ್ಚು. ನನ್ನ ಯಂತ್ರಕ್ಕೇ ಅಷ್ಟು ಕೊಟ್ಟಿಲ್ಲ. ಟ್ರಯಲ್‌ನಲ್ಲಿ ಎಲ್ಲ ಮಾಡಿ ನೋಡಬಹುದು, ನಮ್ಮದೇ ವಿನ್ಯಾಸದ ಟೂಲ್‌ಪಾತ್ ಹೊರತೆಗೆಯಲು ಮಾತ್ರ ಬಿಡುವುದಿಲ್ಲ. ವಿಂಡೋಸ್ ಕಡ್ಡಾಯ.

ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಕನ್ನಡದ ಒತ್ತಕ್ಷರ. ಯಾರಾದರೂ ಸಾಫ್ಟ್‌ವೇರ್ ತೋರಿಸಿದರೆ ಅದರ ಟೆಕ್ಸ್ಟ್ ಟೂಲ್‌ನಲ್ಲಿ "ಲಕ್ಷ್ಮೀ ನಿವಾಸ" ಎಂದು ಟೈಪ್ ಮಾಡಿ ನೋಡಿ. ಲಕ್ಷ್ಮೀಯಲ್ಲಿ ಒಂದರ ಕೆಳಗೊಂದು ಎರಡು ಒತ್ತುಗಳಿವೆ, ಜೊತೆಗೆ ದೀರ್ಘ. ಅಕ್ಷರಗಳನ್ನು ಒಂದಕ್ಕೊಂದು ಬೆಸೆಯುವ ಕೆಲಸ ಫಾಂಟ್ ಒಂದರಿಂದಲೇ ಆಗುವುದಿಲ್ಲ, ಫಾಂಟಿನ ನಿಯಮಗಳನ್ನು ಓದಿ ಜೋಡಿಸುವ ಎಂಜಿನ್ ಸಾಫ್ಟ್‌ವೇರ್‌ನಲ್ಲಿ ಇರಬೇಕು. ಇಲ್ಲದಿದ್ದರೆ ಕ ಒಂದು ಕಡೆ, ಹಲಂತದ ಗುರುತು ಇನ್ನೊಂದು ಕಡೆ, ಷ ಪೂರ್ಣ ಗಾತ್ರದಲ್ಲಿ ಅದರ ಪಕ್ಕದಲ್ಲಿ ಸಾಲಾಗಿ ನಿಲ್ಲುತ್ತವೆ. ನನ್ನ ಮೆಚ್ಚಿನ ಫ್ರೀಕ್ಯಾಡ್‌ನ ಟೆಕ್ಸ್ಟ್ ಟೂಲ್ ಆದ ಶೇಪ್‌ಸ್ಟ್ರಿಂಗ್‌ನಲ್ಲೂ ಇದೇ ಕಥೆ. ಕೆಳಗಿನ ದೇವನಾಗರಿ ಸಾಲಿನ ಜೋಡಾಕ್ಷರಕ್ಕೂ ಇದೇ ಗತಿ. ಗುರುತಿನವರ ಮನೆದೇವರ ಹೆಸರು ಹೀಗೆ ಒಡೆದು ನಿಂತರೆ ಸಹಿಸುವುದು ಹೇಗೆ?

ಪರಿಹಾರ ಇಂಕ್‌ಸ್ಕೇಪ್. ಅದು ಕನ್ನಡವನ್ನು ಸರಿಯಾಗಿ ಬೆಸೆಯುತ್ತದೆ. ಯೂನಿಕೋಡ್ ಫಾಂಟ್ ಬಳಸಿ. ಮುಂಬೈನ ಏಕ್ ಟೈಪ್ ತಂಡದ ಬಾಲೂ ತಮ್ಮ ಉಚಿತವಾಗಿ ಸಿಗುತ್ತದೆ, ಅದರ ದುಂಡು ತಿರುವುಗಳಲ್ಲಿ ಬಿಟ್ ಸರಾಗವಾಗಿ ಓಡುತ್ತದೆ. ಟೈಪ್ ಮಾಡಿದ ಮೇಲೆ ಕಂಟ್ರೋಲ್-ಶಿಫ್ಟ್-ಸಿ ಒತ್ತಿ ಅಕ್ಷರಗಳನ್ನು ಪಾತ್ (ಗೆರೆಗಳ ಆಕೃತಿ) ಮಾಡಿ, ಗುಂಪು ಬಿಡಿಸಿ.

ಇಲ್ಲಿಗೆ ನಿಲ್ಲಿಸಬೇಡಿ. ಕನ್ನಡದ ಅನೇಕ ಫಾಂಟುಗಳಲ್ಲಿ ಗುಣಿತದ ಚಿಹ್ನೆಯ ಗೆರೆ ಮೂಲ ಅಕ್ಷರದ ಮೇಲೆ ಹಾಯ್ದಿರುತ್ತದೆ. ತೆರೆಯ ಮೇಲೆ ಕಪ್ಪು ಕಪ್ಪಾಗಿ ತುಂಬಿದ್ದಕ್ಕೆ ಅದು ಕಾಣುವುದಿಲ್ಲ. ಯಂತ್ರ ನೋಡುವುದು ಹೊರಗೆರೆಯನ್ನು. ಹಾಗೇ ಬಿಟ್ಟರೆ ಅಕ್ಷರದ ಹೊಟ್ಟೆಯೊಳಗೇ ಬಿಟ್ ಗೆರೆ ಎಳೆಯುತ್ತದೆ, ವಿ-ಕೆತ್ತನೆಯ ಆಳ ಅಲ್ಲಲ್ಲಿ ಕುಸಿಯುತ್ತದೆ. ಆದ್ದರಿಂದ ಎಲ್ಲವನ್ನೂ ಆರಿಸಿ ಪಾತ್ ಮೆನುವಿನ ಯೂನಿಯನ್ ಕೊಡಿ, ಒಂದರ ಮೇಲೊಂದು ಹಾಯ್ದ ಗೆರೆಗಳು ಬೆಸೆದು ಒಂದೇ ಹೊರಗೆರೆಯಾಗುತ್ತವೆ. ಆಮೇಲೆ ಬಣ್ಣ ತೆಗೆದು ಬರೀ ಗೆರೆಯಲ್ಲಿ ನೋಡಿ. ಎಲ್ಲೂ ಗೆರೆ ಗೆರೆಯನ್ನು ದಾಟಬಾರದು. ನೋಡಿಯಾದ ಮೇಲೆ ಬಣ್ಣ ಮರಳಿ ತುಂಬಿ ಎಸ್‌ವಿಜಿ (ಗೆರೆಚಿತ್ರದ ಫೈಲ್) ಉಳಿಸಿ. ಈ ಎಸ್‌ವಿಜಿ ವಿ-ಕಾರ್ವ್‌ಗೂ ಹೋಗುತ್ತದೆ, ಫ್ರೀಕ್ಯಾಡ್‌ಗೂ ಹೋಗುತ್ತದೆ. ಅಂದರೆ ಕನ್ನಡಿಗರು ಯಾವ ಕ್ಯಾಮ್ (ಟೂಲ್‌ಪಾತ್ ಸಾಫ್ಟ್‌ವೇರ್) ಕೊಂಡರೂ ಇಂಕ್‌ಸ್ಕೇಪ್ ಕಲಿಯುವುದು ತಪ್ಪುವುದಿಲ್ಲ. ಅರ್ಧ ಕೆಲಸ ಅಲ್ಲೇ ಮುಗಿಯುವಾಗ ಉಳಿದ ಅರ್ಧಕ್ಕೆ ಮುನ್ನೂರು ಡಾಲರ್ ಏಕೆ ಎಂಬುದು ನನ್ನ ಲೆಕ್ಕ.

ಅಳತೆ ಬಗ್ಗೆ ಒಂದು ಮಾತು. ಇಂಕ್‌ಸ್ಕೇಪ್ 0.92ರಿಂದ ಅಂಗುಲಕ್ಕೆ 96 ಪಿಕ್ಸೆಲ್ ಲೆಕ್ಕ, ಅದಕ್ಕೂ ಹಿಂದೆ 90. ಹಳೆಯ ಫೈಲನ್ನು ಹೊಸ ಲೆಕ್ಕದಲ್ಲಿ ಓದಿದರೆ 150 ಮಿ.ಮೀ. ಫಲಕ 140ರ ಆಸುಪಾಸಿಗೆ ಕುಗ್ಗುತ್ತದೆ.

ಫ್ರೀಕ್ಯಾಡ್ ಕಲಿಯುವುದು ನಿಧಾನ, ಇದನ್ನು ಮುಚ್ಚಿಡುವುದಿಲ್ಲ. 2024ರ ನವೆಂಬರ್‌ನಲ್ಲಿ ಬಂದ 1.0 ಆವೃತ್ತಿಯಲ್ಲಿ ಟೂಲ್‌ಪಾತ್ ಮಾಡುವ ಹಳೆಯ ಪಾತ್ ವಿಭಾಗದ ಹೆಸರು ಕ್ಯಾಮ್ ಆಗಿದೆ. ಹಳೆಯ ವಿಡಿಯೊ ನೋಡಿ ಕಲಿಯುವವರಿಗೆ ಇದರಿಂದ ಗೊಂದಲ. ವಿ-ಕೆತ್ತನೆಗೆ ಗೆರೆ ಸಾಲದು, ತುಂಬಿದ ಮುಖ ಬೇಕು. ಫ್ರೀಕ್ಯಾಡ್‌ನದೇ ಡ್ರಾಫ್ಟ್ ವಿಭಾಗದ ಅಪ್‌ಗ್ರೇಡ್ ಗುಂಡಿ ಅದಕ್ಕೇ ಇರುವುದು. ಬಿಟ್‌ನ ಕೋನ ಸರಿಯಾಗಿ ಬರೆಯಿರಿ. 3 ಮಿ.ಮೀ. ಅಗಲದ ಗೆರೆಗೆ 90 ಡಿಗ್ರಿ ಬಿಟ್ 1.5 ಮಿ.ಮೀ. ಇಳಿಯುತ್ತದೆ, 60 ಡಿಗ್ರಿಯದು ಸುಮಾರು 2.6. ತೆಳು ಹಲಗೆಗೆ ನಾನು 90ನ್ನೇ ಹಾಕುತ್ತೇನೆ.

ಟೂಲ್‌ಪಾತನ್ನು ಯಂತ್ರದ ಆಜ್ಞೆಗಳಿಗೆ (ಜಿ-ಕೋಡ್) ಬದಲಿಸುವ ಪೋಸ್ಟ್ ಪ್ರೊಸೆಸರ್ ಕಡೆಗೂ ಗಮನವಿರಲಿ. 3018ರ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಜಿಆರ್‌ಬಿಎಲ್ ಎಂಬ ನಿಯಂತ್ರಣ ತಂತ್ರಾಂಶ. ಫ್ರೀಕ್ಯಾಡ್ ಜಾಬ್‌ನ ಔಟ್‌ಪುಟ್‌ನಲ್ಲಿ ಅದನ್ನೇ ಆರಿಸಿ. ಲಿನಕ್ಸ್‌ಸಿಎನ್‌ಸಿ (ಇನ್ನೊಂದು ನಿಯಂತ್ರಣ ತಂತ್ರಾಂಶ) ಎಂದಿದ್ದರೆ ಜಿ-ಕೋಡ್‌ನಲ್ಲಿ ಎಂ6 (ಬಿಟ್ ಬದಲಿಸು), ಜಿ43 (ಬಿಟ್‌ನ ಉದ್ದ ಲೆಕ್ಕಕ್ಕೆ ತೆಗೆದುಕೋ) ಎಂಬ ಆಜ್ಞೆಗಳು ಸೇರಿಕೊಳ್ಳುತ್ತವೆ. ಜಿಆರ್‌ಬಿಎಲ್ 1.1ಕ್ಕೆ ಅವು ಅರ್ಥವಾಗದೆ ಎರರ್ 20 ಎಂದು ನಿಂತುಬಿಡುತ್ತದೆ. ಬಿಟ್ ಬದಲಿಸುವ ಕೆಲಸವಿದ್ದರೆ ಪ್ರತಿ ಬಿಟ್‌ಗೂ ಬೇರೆ ಫೈಲ್ ತೆಗೆಯಿರಿ.

ದಿನವೂ ಆರ್ಡರ್ ಬರುವ ಅಂಗಡಿ ನಿಮ್ಮದಾದರೆ, ವಿಂಡೋಸ್ ಇದ್ದರೆ, ವಿ-ಕಾರ್ವ್ ಕೊಳ್ಳಿ. ಅದು ಉಳಿಸುವ ಸಮಯದಲ್ಲೇ ಕೊಟ್ಟ ದುಡ್ಡು ವಾಪಸಾಗುತ್ತದೆ. ನಾನು ಕೆಲಸ ಮುಗಿಸಿ ಬಂದು ರಾತ್ರಿ ಕೂರುವವನು. ಫಲಕದ ದುಡ್ಡು ಹಲಗೆಗೂ ಬಿಟ್‌ಗೂ ಹೋಗಲಿ. ಎದುರುಮನೆಯ ಕಾಕೂ ತಮ್ಮ ಊರಿನ ಮನೆಗೂ ಒಂದು "ಶ್ರೀ ಜ್ಞಾನೇಶ್ವರ ಕೃಪಾ" ಕೇಳಿದ್ದಾರೆ, ಅದರ ಎಸ್‌ವಿಜಿ ಈಗಾಗಲೇ ಯೂನಿಯನ್ ಆಗಿದೆ.