ನಾಲ್ಕು ವರ್ಷ ಸ್ಟೈಲಸ್ ಎಕ್ಸ್‌ಟೆನ್ಶನ್ ಬಳಸಿದ ಮೇಲೆ: ಅಲ್ದೂರು ಅಲ್ದೂರಾಗಿಯೇ ಕಾಣ್ತಿದೆ

ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಯಾವ ತೋಟದಿಂದ ಎಷ್ಟು ಮೂಟೆ ಬಂತು, ಖಾಲಿ ಚೀಲ ಹೊತ್ತು ಲಾರಿ ಎಲ್ಲಿಗೆ ಹೋಗಬೇಕು, ಎಲ್ಲಾ ಬ್ರೌಸರ್‌ನಲ್ಲಿ ತೆರೆಯುವ ಒಂದು ಸಾಫ್ಟ್‌ವೇರ್‌ನಲ್ಲೇ. ಲೆಕ್ಕ ಸರಿಯಾಗೇ ಮಾಡುತ್ತೆ. ಆದರೆ ಅದರ ಅಂಗಿ ಇಂಗ್ಲಿಷ್ ಅಳತೆಗೆ ಹೊಲಿದದ್ದು. ಸಾಲಿನ ಎತ್ತರ ಎಷ್ಟು ಕಡಿಮೆ ಅಂದ್ರೆ ಕನ್ನಡದ ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗುತ್ತಿತ್ತು. ಚಿಕ್ಕಮಗಳೂರು ‘ಚಿಕಮಗಳೂರು’ ಆದರೆ ನಕ್ಕು ಸುಮ್ಮನಾಗಬಹುದು. ಇಲ್ಲೇ ಹತ್ತಿರದ ಅಲ್ದೂರು ‘ಅಲೂರು’ ಆದರೆ? ಹೊಸ ಡ್ರೈವರ್ ಪ್ರಿಂಟ್ ನೋಡಿಕೊಂಡು ಆಲೂರಿಗೆ ಅಂತ ಹಾಸನದ ದಾರಿ ಹಿಡಿದಿದ್ದ. ಬೇಲೂರು ದಾಟಿದ ಮೇಲೆ ಫೋನ್ ಬಂತು.

ಸಾಫ್ಟ್‌ವೇರ್‌ನಲ್ಲೇ ಮೂರು ಸ್ಕಿನ್, ಅಂದ್ರೆ ಪರದೆಯ ವೇಷ, ಇದ್ದವು. ನೀಲಿ, ಹಸಿರು, ಕಪ್ಪು. ಬಣ್ಣ ಬದಲಾಯ್ತು, ಒತ್ತು ಬರಲಿಲ್ಲ.

ಆಗ ಹಾಕಿಕೊಂಡಿದ್ದು ಸ್ಟೈಲಸ್. ಬ್ರೌಸರ್‌ಗೆ ಸೇರಿಸುವ ಉಚಿತ ಎಕ್ಸ್‌ಟೆನ್ಶನ್. ಯಾವ ಸೈಟ್‌ಗೆ ಬೇಕೋ ಅದಕ್ಕೆ ನಾವೇ ನಾಲ್ಕು ಸಾಲು ಸಿಎಸ್‌ಎಸ್ (ಪುಟದ ಅಳತೆ, ಬಣ್ಣ ಹೇಗಿರಬೇಕು ಅಂತ ಹೇಳುವ ಕೋಡ್) ಬರೆದರೆ ಆಯ್ತು. ಬದಲಾಗೋದು ನಮ್ಮ ಬ್ರೌಸರ್‌ನಲ್ಲಿ ಮಾತ್ರ, ಸರ್ವರ್‌ಗೆ ಗೊತ್ತೂ ಆಗಲ್ಲ. ನಾನು ಮಾಡಿದ್ದಿಷ್ಟೇ: ಲೈನ್-ಹೈಟ್ (ಸಾಲಿನ ಎತ್ತರ) 1.7, ಓವರ್‌ಫ್ಲೋ ವಿಸಿಬಲ್ (ಚೌಕ ಮೀರಿದ್ದನ್ನು ಕತ್ತರಿಸಬೇಡ ಅಂತ), ಫಾಂಟ್ ನೋಟೊ ಸಾನ್ಸ್ ಕನ್ನಡ. ಸೇವ್ ಒತ್ತಿದ ಕೂಡಲೇ ಅಲ್ದೂರಿನ ದ-ಒತ್ತು ಕಣ್ಣೆದುರೇ ಇಳಿದು ಬಂತು. ಇನ್ನೊಂದು ಮಾತು. ಹೆಸರು ಹತ್ತಿರವಿರುವ ಸ್ಟೈಲಿಶ್ ಬೇರೆ. ಅದು ಬಳಕೆದಾರರ ಬ್ರೌಸಿಂಗ್ ವಿವರ ಕಳಿಸುತ್ತಿದ್ದದ್ದು ಬಯಲಾಗಿ, 2018ರಲ್ಲಿ ಕ್ರೋಮ್, ಫೈರ್‌ಫಾಕ್ಸ್ ಎರಡೂ ಅದನ್ನು ತೆಗೆದುಹಾಕಿದ್ದವು. ಸ್ಟೈಲಸ್ ಅದರ ಹಳೇ ಕೋಡ್‌ನಿಂದಲೇ ಕವಲೊಡೆದದ್ದು, ಆದರೆ ಆ ಚಾಳಿ ಇಲ್ಲ.

ಪೆಟ್ಟೂ ತಿಂದಿದ್ದೇನೆ. ಸುಗ್ಗಿಯಲ್ಲಿ ರಾತ್ರಿ ಕೂತು ಕೆಲಸ ಮಾಡುವಾಗ ಕಣ್ಣಿಗೆ ಹಿತ ಅಂತ ಕಪ್ಪು ಸ್ಕಿನ್ ಬರೆದೆ. ನಮ್ಮಲ್ಲಿ ಹಿನ್ನೆಲೆಯೂ ಪ್ರಿಂಟ್ ಆಗುವ ಆಯ್ಕೆಗೆ ಟಿಕ್ ಇದೆ, ಬಿಲ್‌ನ ಲೋಗೋಗೋಸ್ಕರ. ಬೆಳಿಗ್ಗೆ ಬಿಲ್ ತೆಗೆದರೆ ನಾಲ್ಕು ಹಾಳೆ ಪೂರ್ತಿ ಕಪ್ಪು. ಟೋನರ್ ಲೆಕ್ಕ ಯಾರು ಕೊಡ್ತಾರೆ ಅಂತ ಮ್ಯಾನೇಜರ್ ಕೇಳಿದ್ದು ನ್ಯಾಯವೇ. ಈಗ ಅಳತೆಗೆ ಒಂದು ಸ್ಟೈಲ್, ಬಣ್ಣಕ್ಕೆ ಇನ್ನೊಂದು. ಬಣ್ಣದ್ದನ್ನು ‘ಮೀಡಿಯಾ ಸ್ಕ್ರೀನ್’, ಅಂದ್ರೆ ಪರದೆಗೆ ಮಾತ್ರ ಅನ್ನುವ ನಿಯಮದ ಒಳಗೆ ಇಟ್ಟಿರೋದ್ರಿಂದ ಅದು ಕಾಗದಕ್ಕೆ ಹೋಗಲ್ಲ.

ಸಾಫ್ಟ್‌ವೇರ್ ಅಪ್‌ಡೇಟ್ ಆದಾಗಲೆಲ್ಲ ಪುಟದ ಭಾಗಗಳಿಗೆ ಕೋಡ್‌ನಲ್ಲಿಟ್ಟ ಕ್ಲಾಸ್ ಹೆಸರು ಬದಲಾಗಿ ನನ್ನ ಸ್ಟೈಲ್ ಕೆಡುತ್ತದೆ. ವರ್ಷಕ್ಕೆ ಎರಡು ಸಲ ಅರ್ಧ ಗಂಟೆ ಹೋಗುತ್ತೆ. ಸಿಎಸ್‌ಎಸ್ ಅಂದ್ರೇನು ಅಂತಲೇ ಗೊತ್ತಿಲ್ಲದವರಿಗೆ ಇದು ಜಾಸ್ತಿಯೇ ಆಯ್ತು. ಕಂಪ್ಯೂಟರ್ ಬದಲಿಸಿದಾಗ ಮಾತ್ರ ಕಷ್ಟವಾಗಲಿಲ್ಲ. ಎಕ್ಸ್‌ಪೋರ್ಟ್ ಮಾಡಿದ ಒಂದೇ ಫೈಲ್‌ನಲ್ಲಿ ಎಲ್ಲಾ ಬಂತು.

ಮೊಬೈಲ್‌ನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್ ನಡೆಯಲ್ಲ. ತೂಕದ ಹುಡುಗ ನೋಡೋದು ಅದರಲ್ಲೇ, ಅವನಿಗೆ ಇವತ್ತಿಗೂ ‘ಅಲೂರು’. ಲಾರಿ ಹೊರಡೋ ಮೊದಲು ಒಂದು ಫೋನ್ ಇದ್ದೇ ಇರುತ್ತೆ: “ಅಕ್ಕಾ, ಇದು ಒತ್ತು ಇರೋ ಊರಾ, ಇಲ್ದೇ ಇರೋ ಊರಾ?”